ಪದೇ ಪದೇ ರಜೆ ಹಾಕುವ ಹುಡುಗ

ಕಾಸರಗೋಡು ಕಡೆಯ ನಮ್ಮ ಕನ್ನಡ ಮಾಧ್ಯಮ ಶಾಲೆಯಲ್ಲಿ ಮೂರನೇ ತರಗತಿಯ ಹುಡುಗನೊಬ್ಬ ತಿಂಗಳಲ್ಲಿ ಎಂಟು ಹತ್ತು ದಿನ ಬರುತ್ತಲೇ ಇರಲಿಲ್ಲ. ಒಮ್ಮೆ ಕಿವಿ ಸೋರುವುದು, ಇನ್ನೊಮ್ಮೆ ನ್ಯುಮೋನಿಯಾ. ನಾವು ಅಧ್ಯಾಪಕರು ಅವನನ್ನು ಶಾಲೆಗಳ್ಳನೆಂದೇ ತಿಳಿದು ಒಂದೆರಡು ಸಲ ಗದರಿಸಿದ್ದೂ ಉಂಟು. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಒಂದು ದಿನ ಅವನ ತಾಯಿ ಆಸ್ಪತ್ರೆಯ ಕಾಗದಗಳನ್ನು ಹಿಡಿದುಕೊಂಡು ಬಂದರು. ವರದಿ ಇಂಗ್ಲಿಷಿನಲ್ಲಿ, ಸೂಚನೆ ಮಲಯಾಳದಲ್ಲಿ. ಆಕೆ ಕಲಿತದ್ದು ನಮ್ಮದೇ ಶಾಲೆಯಲ್ಲಿ, ಕನ್ನಡದಲ್ಲಿ.

"ಇದರಲ್ಲಿ ಎಂತ ಬರೆದಿದ್ದಾರೆ, ಓದಿ ಹೇಳಿ ಮಾಷ್ಟ್ರೇ. ನನ್ನ ತಮ್ಮಂದಿರು ಇದ್ದಾರಾ ಅಂತ ಡಾಕ್ಟ್ರು ಕೇಳಿದ್ರು. ಇಬ್ಬರಿದ್ದರು, ಸಣ್ಣದರಲ್ಲೇ ಕೆಮ್ಮು ಜ್ವರದಲ್ಲಿ ಹೋದರು. ಮನೆಗೆ ದೋಷ ಉಂಟು ಅಂತ ಹೇಳ್ತಿದ್ರು."

ಅದು ದೋಷವಲ್ಲ. 1952ರಲ್ಲಿ ಅಮೆರಿಕದ ಸೇನಾ ವೈದ್ಯ ಆಗ್ಡೆನ್ ಬ್ರೂಟನ್ ಎಂಟು ವರ್ಷದ ಹುಡುಗನಲ್ಲಿ ಗುರುತಿಸಿದ ಕಾಯಿಲೆ. ರೋಗದ ವಿರುದ್ಧ ಪ್ರತಿಕಾಯ ತಯಾರಿಸುವುದು ಬಿ ಜೀವಕೋಶಗಳ ಕೆಲಸ. ಈ ಮಕ್ಕಳಲ್ಲಿ ಅವು ಬೆಳೆಯುವುದೇ ಇಲ್ಲವೆನ್ನಬಹುದು. ಕಾರಣವಾದ ಜೀನು ಎಕ್ಸ್ ವರ್ಣತಂತುವಿನಲ್ಲಿದೆ. 1993ರಲ್ಲಿ ಅದು ಪತ್ತೆಯಾಯಿತು. ಹೆಣ್ಣಿಗೆ ಎರಡು ಎಕ್ಸ್ ಇರುವುದರಿಂದ ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ. ಗಂಡಿಗೆ ಇರುವುದು ಒಂದೇ.

"ಹಾಗಾದರೆ ನನ್ನಿಂದಲೇ ಬಂದದ್ದಾ?" ಎಂದು ಆಕೆ ಕಣ್ಣೀರಿಟ್ಟರು.

ನಮಗೆ ತಿಳಿದದ್ದನ್ನು ಹೇಳಿದೆವು. ಗರ್ಭದ ಕೊನೆಯ ಮೂರು ತಿಂಗಳಲ್ಲಿ ತಾಯಿಯ ಪ್ರತಿಕಾಯಗಳು ಮಾಸಿನ ಮೂಲಕ ಮಗುವಿಗೆ ಹೆಚ್ಚಾಗಿ ಸೇರುತ್ತವೆ. ಸುಮಾರು ಆರು ತಿಂಗಳವರೆಗೆ ಅವೇ ರಕ್ಷಣೆ. "ಮೊದಲ ಆರು ತಿಂಗಳು ಮಗ ಚೆನ್ನಾಗಿದ್ದ ಅಂತೀರಲ್ಲ, ಅವನನ್ನು ಕಾಪಾಡಿದ್ದೂ ನೀವೇ."

ಈಗ ಅವನಿಗೆ ನಾಲ್ಕು ವಾರಕ್ಕೊಮ್ಮೆ ಇಮ್ಯುನೊಗ್ಲೋಬ್ಯುಲಿನ್ ಡ್ರಿಪ್ ಹಾಕುತ್ತಾರೆ. ಜೀವನಪೂರ್ತಿ ಬೇಕು. ಆದರೂ ಈ ವರ್ಷ ಅವನ ಹಾಜರಿ ನೋಡಿದರೆ ಸಂತೋಷವಾಗುತ್ತದೆ.

ಆಮೇಲೆ ಆಕೆಯ ತಂಗಿಗೆ ಗಂಡು ಮಗು ಹುಟ್ಟಿತು. ಹುಟ್ಟಿದ ಕೂಸಿನ ರಕ್ತದಲ್ಲಿ ತಾಯಿಯ ಪ್ರತಿಕಾಯ ಇರುವುದರಿಂದ ಅದನ್ನಷ್ಟೇ ಅಳೆದರೆ ಎಲ್ಲ ಸರಿಯಿದ್ದಂತೆ ಕಾಣಬಹುದು. ಆದ್ದರಿಂದ ವೈದ್ಯರು ಬಿ ಜೀವಕೋಶಗಳನ್ನೇ ಎಣಿಸಿದರು. ಪುಣ್ಯಕ್ಕೆ, ಇದ್ದವು.

ಅಧ್ಯಾಪಕ ಮಿತ್ರರೇ, ಪದೇ ಪದೇ ರಜೆ ಹಾಕುವ ಮಗುವನ್ನು ಗದರಿಸುವ ಮೊದಲು ಕಾರಣ ಕೇಳೋಣ. ಮತ್ತೆ ಮತ್ತೆ ಕಿವಿ ಸೋರಿ, ನ್ಯುಮೋನಿಯಾ ಬರುತ್ತಿದ್ದರೆ, ಬಂಧುಗಳಲ್ಲಿ ಎಳೆಯ ಗಂಡು ಮಕ್ಕಳು ತೀರಿಕೊಂಡಿದ್ದರೆ, ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಲು ಹೇಳೋಣ. ಕಾಗದ ಓದಲು ಬಾರದವರಿಗೆ ಕನ್ನಡದಲ್ಲಿ ಓದಿ ಹೇಳೋಣ.