ಕರಿ ಪೈಪು

ನಮ್ಮ ತಾತಂದಿರು ಕೋಲಾರದ ಕಡೆಯ ನೀರಗಂಟಿಗಳು. ಕೆರೆಯ ತೂಬು ಎತ್ತಿ ಊರವರ ಗದ್ದೆಗೆಲ್ಲ ನೀರು ಕಟ್ಟಿದವರು. ಕುಡಿಯೋ ನೀರಿಗೆ ಮಾತ್ರ ಊರ ಬಾವಿಯಿಂದ ಮಾರು ದೂರ ನಿಂತು, 'ಒಂದು ಕೊಡ ಹುಯ್ಯಮ್ಮಾ' ಅನ್ನಬೇಕಾಗಿತ್ತು. ಮೇಲಿಂದ ಹುಯ್ದರೆ ಅರ್ಧ ಕೊಡಕ್ಕೆ, ಅರ್ಧ ನೆಲಕ್ಕೆ.

ಆಮೇಲೆ ಬೋರ್‌ವೆಲ್ ಬಂತು, ಬಗ್ಗೋ ಪ್ಲಾಸ್ಟಿಕ್ ಪೈಪೂ ಬಂತು. ಕೇರಿಯ ಕೈಪಂಪು ಒಣಗಿದ ಬೇಸಿಗೆ ಊರ ಯಜಮಾನರೊಬ್ಬರು ಕಾಂಪೌಂಡಿನ ಮೇಲಿಂದ ಹಸಿರು ಪೈಪು ಇಳಿಬಿಟ್ಟರು. ಧರ್ಮಾತ್ಮರು ಅಂತ ನಾವೂ ಕೈ ಮುಗಿದೆವು. ಗೇಟು ದಾಟೋ ಹಾಗಿರಲಿಲ್ಲ. ಬಾವಿಕಟ್ಟೆಯ ಆ ಮಾರು ದೂರವನ್ನೇ ಪೈಪಿನಲ್ಲಿ ಅಳೆದು ಕೊಟ್ಟಿದ್ದಾರೆ ಅನ್ನೋದು ನಮಗೆ ಹೊಳೆದದ್ದು ಎಷ್ಟೋ ದಿನ ಆದಮೇಲೆ.

2019ರಲ್ಲಿ ಜಲ ಜೀವನ ಮಿಷನ್ ಶುರುವಾಯಿತು. ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ' ಅಂದರು. ತಲೆಗೆ ದಿನಕ್ಕೆ 55 ಲೀಟರ್ ಅಂದರು. ಲಾರಿಯಿಂದ ಕರಿ ಪೈಪಿನ ಸುರುಳಿ ಇಳಿದಾಗ ಹುಡುಗರು ಟೈರಿನ ಹಾಗೆ ಉರುಳಿಸಿಕೊಂಡು ಓಡಿದರು. ಪೈಪಿನ ಮೇಲೆ ನಮಗೆ ದೂರಿಲ್ಲ. ಕಬ್ಬಿಣದ ಹಾಗೆ ತುಕ್ಕು ಹಿಡಿಯೋದಿಲ್ಲ. ಬಂಡೆ ಸಿಕ್ಕಿದರೆ ಬಳಸಿಕೊಂಡು ಹೋಗ್ತದೆ, ಮೂಲೆಮೂಲೆಗೂ ಜಾಯಿಂಟು ಬೇಡ. ಅದರೊಳಗೆ ಬೆರೆಸಿರೋ ಕರಿ ಮಸಿಯೇ ಬಿಸಿಲಿನಿಂದ ಅದನ್ನು ಕಾಯೋದಂತೆ. ಕಪ್ಪಿಗೆ ಇಂಥಾ ಮರ್ಯಾದೆ ನಾವು ಮೊದಲು ಕೇಳಿರಲಿಲ್ಲ.

ಊರ ಬೀದೀಲಿ ಮಂಡಿಯುದ್ದ ಅಗೆದು ಹೂಳಿದರು. ನಮ್ಮ ಕೇರೀಲಿ ಗೇಣುದ್ದ. ಇನ್ನೂ ಮುಂದೆ ಚರಂಡಿಯೊಳಗೇ ಎಳೆದುಕೊಂಡು ಹೋದರು.

ನೀರು ತಗ್ಗಿಗೆ ಹರಿಯುತ್ತದೆ ಅಂತ ಮೇಷ್ಟ್ರುಗಳು ಪಾಠ ಮಾಡ್ತೀರಿ. ನಮ್ಮ ಕೇರಿ ತಗ್ಗಿನಲ್ಲೇ ಇದೆ. ಆದರೂ ನೀರು ನಮಗೇ ಕೊನೆಗೆ. ಮೇಲಿನ ಬೀದಿಯವರು ನಲ್ಲಿಗೇ ಮೋಟರು ಹಾಕಿ ಎಳೀತಾರೆ. ಆಗ ನಮ್ಮ ನಲ್ಲಿ ಬುಸಬುಸ ಉಸಿರೆಳೆಯುತ್ತದೆ, ಬಾಯಿಗೆ ಬೆರಳಿಟ್ಟರೆ ಒಳಕ್ಕೆ ಜಗ್ಗುತ್ತದೆ. ಜಾಯಿಂಟು ಸಡಿಲವಾದ ಕಡೆ ಚರಂಡಿ ನೀರನ್ನೂ ಪೈಪು ಹಾಗೇ ಒಳಕ್ಕೆ ಎಳ್ಕೊಳ್ತದೆ. ಕೊನೆಗೆ ನೀರು ಬಂದಾಗ ಮೊದಲ ಕೊಡ ನಾರುತ್ತದೆ. ಮಳೆಗಾಲದಲ್ಲಿ ವಾಂತಿಭೇದಿ ಹತ್ತಿ ಒಂದು ಮಗೂನ ರಾತ್ರೋರಾತ್ರಿ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಉಳಿಯಿತು.

1955ರಲ್ಲಿ ಅಸ್ಪೃಶ್ಯತೆಯ ಮೇಲೆ ಆದ ಕಾಯ್ದೆಯನ್ನು ತೆಗೆದು ಓದಿದೆವು. 1976ರಲ್ಲಿ ಅದೇ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ ಆಯಿತು. ಹೊಳೆ, ಬಾವಿ, ಕೆರೆ, ನಲ್ಲಿ ಎಲ್ಲದರ ಹೆಸರೂ ಅದರಲ್ಲಿದೆ. ಅಸ್ಪೃಶ್ಯತೆ ನೆಪದಲ್ಲಿ ತಡೆದರೆ ಶಿಕ್ಷೆ. ವಾಲ್ವು ಅಂತ ಇಲ್ಲ, ಮೋಟರು ಅಂತ ಇಲ್ಲ. 'ಮುಟ್ಟಬೇಡ' ಅಂತ ಈಗ ನಮಗೆ ಯಾರೂ ಹೇಳಿಯೂ ಇಲ್ಲ. ಯಾರ ಮೇಲೆ ದೂರು ಕೊಡೋದು?

ವಾಲ್ವು ತಿರುಗಿಸೋ ಅಣ್ಣನನ್ನು ಕೇಳಿದೆವು. 'ನನ್ನೇನ್ ಕೇಳ್ತೀರಪ್ಪ, ಮೇಲ್ಗಡೆ ಸಂಪು ತುಂಬದೆ ಕೆಳಕ್ಕೆ ಬಿಟ್ರೆ ನಾಳೆ ನನ್ ಕೆಲ್ಸ ಇರಲ್ಲ' ಅಂದ. ಅವನೂ ಬಡವ, ಅವನ ಮೇಲೆ ಸಿಟ್ಟು ಬರಲಿಲ್ಲ.

ಅರ್ಜಿ ಬರೆದೆವು. ಪೈಪನ್ನು ಚರಂಡಿಯಿಂದ ಎತ್ತಿ ಆಳಕ್ಕೆ ಹೂಳಬೇಕು. ಮೋಟರು ಕೀಳಿಸಬೇಕು. ವಾರಕ್ಕೆ ಮೂರು ದಿನ ಮೊದಲು ಕೇರಿಗೆ ನೀರು ಬಿಡಬೇಕು. ಮನೆಮನೆಯಿಂದ ಬಂದು ಸಹಿ, ಹೆಬ್ಬೆಟ್ಟು ಹಾಕಿದರು. ಅಜ್ಜಿ ಹೆಬ್ಬೆಟ್ಟು ಒತ್ತಿ, ಮಸಿಯನ್ನು ಸೆರಗಿಗೆ ಒರೆಸಿಕೊಂಡು ಕೇಳಿದಳು:

'ತೂಬು ಎತ್ತಾದು ನಿಮ್ಮ ತಾತನ ಕೈಲಿತ್ತು. ವಾಲ್ ತಿರುಗ್ಸೋದೂ ನಮ್ಮೋರಿಗೆ ಕೊಡಿ ಅಂತ ಯಾಕ್ಲಾ ಬರೀಲಿಲ್ಲ?'

ಅದನ್ನೂ ಕೆಳಗೆ ಸೇರಿಸಿದೆವು.