ಒಡೆದ ಮಸೂರ ಮತ್ತು ಒಂದು ಅರ್ಜಿ

ಕಳೆದ ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಚಿಕ್ಕಬಾಣಾವರದ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಳು. ಕೈಯಲ್ಲಿ ಉದ್ಯೋಗದ ಅರ್ಜಿಯ ಹಾಳೆಗಳಿದ್ದವು. "ಸಾರ್, ಒಂದು ಮಾತು ಕೇಳಬೇಕಿತ್ತು" ಎಂದಳು. ಹೆಸರು ಬರೆಯುವುದಿಲ್ಲ, ಅವಳ ಜೊತೆಗೆ ಓದಿದವರಿಗೆ ಗುರುತು ಸಿಕ್ಕೀತು.

ಉಪಗ್ರಹದ ಕ್ಯಾಮೆರಾಗಳಲ್ಲಿ ಬಳಸುವ ಡಿಟೆಕ್ಟರ್ ಅರೇಗಳನ್ನು ಪರೀಕ್ಷಿಸುವ ಇಂಜಿನಿಯರ್ ಹುದ್ದೆ ಅದು. ನನ್ನ ಹಳೆಯ ಶಿಷ್ಯರಿಗೆ ಈ ವಿಷಯ ತೀರ ಹೊಸದಲ್ಲ. 1988ರ ಮಾರ್ಚ್ 17ರಂದು ಐಆರ್‌ಎಸ್-1ಎ ಉಪಗ್ರಹ ಮೇಲೇರಿದಾಗ ಕರಿಹಲಗೆಯ ಮೇಲೆ ಲೆಕ್ಕ ಮಾಡಿಸಿದ್ದೆನಲ್ಲವೇ? ಅದರ ಒಂದು ಕ್ಯಾಮೆರಾದಲ್ಲಿ ಪ್ರತಿ ಬಣ್ಣಕ್ಕೂ 2048 ಪಿಕ್ಸೆಲ್‌ಗಳ ಒಂದೇ ಸಾಲು. ಒಂದೊಂದು ಪಿಕ್ಸೆಲ್ಲಿಗೂ ನೆಲದ ಮೇಲಿನ 72.5 ಮೀಟರ್. ಗುಣಿಸಿದರೆ ಸುಮಾರು 148 ಕಿಲೋಮೀಟರ್, ಹೆಚ್ಚುಕಡಿಮೆ ಬೆಂಗಳೂರಿನಿಂದ ಮೈಸೂರಿನಷ್ಟು. ಉಪಗ್ರಹ ಮುಂದೆ ಸಾಗಿದಂತೆ ಸಾಲಿಗೆ ಸಾಲು ಸೇರಿ ಚಿತ್ರವಾಗುತ್ತದೆ. ಬೆಳಕು ಬಿದ್ದಾಗ ಪಿಕ್ಸೆಲ್ಲಿನಲ್ಲಿ ಸಂಗ್ರಹವಾಗುವ ವಿದ್ಯುದಂಶವನ್ನು, ಬಾವಿಯಿಂದ ಮನೆಯವರೆಗೆ ಸಾಲಾಗಿ ನಿಂತವರು ಕೊಡವನ್ನು ಕೈಯಿಂದ ಕೈಗೆ ದಾಟಿಸುವಂತೆ, ಸಾಲಿನ ತುದಿಗೆ ಸಾಗಿಸಿ ಅಳೆಯುತ್ತಾರೆ. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಇದನ್ನು ಕಂಡುಹಿಡಿದ ಬಾಯ್ಲ್ ಮತ್ತು ಸ್ಮಿತ್ ಅವರಿಗೆ ನೊಬೆಲ್ ಬಂದದ್ದು 2009ರಲ್ಲಿ. ಆ ವರ್ಷ ಈ ಹುಡುಗಿ ನನ್ನ ಒಂಬತ್ತನೇ ತರಗತಿಯಲ್ಲಿದ್ದಳು. ನಮಗೆ ನೆರೆಯ ಪೀಣ್ಯದ ಶೆಡ್ಡುಗಳಲ್ಲಿಯೇ ಆರ್ಯಭಟ ಸಿದ್ಧವಾಗಿ 1975ರಲ್ಲಿ ಹಾರಿತೆಂದೂ ಅಂದು ಹೇಳಿದ್ದೆ.

ಅವಳ ತೊಡಕು ಬೇರೆಯೇ ಇತ್ತು. ಹಿಂದಿನ ಕೆಲಸದಲ್ಲಿ ಅವಳ ಕೈಯಿಂದ ಒಂದು ಡಿಟೆಕ್ಟರ್ ಹಾಳಾಗಿತ್ತು. ಒಣಹವೆಯ ದಿನಗಳಲ್ಲಿ ನಮ್ಮ ಮೈಮೇಲೆ ಸ್ಥಿರ ವಿದ್ಯುತ್ತು ಸುಲಭವಾಗಿ ಸೇರುತ್ತದೆ. ಬಾಗಿಲ ಹಿಡಿ ಮುಟ್ಟಿದಾಗ ಚುರ್ರೆನ್ನುವುದು ಅದೇ. ನಮಗೆ ತಿಳಿಯದಷ್ಟು ಅಲ್ಪ ಆಘಾತವೂ ಅಂತಹ ಸೂಕ್ಷ್ಮ ಉಪಕರಣಕ್ಕೆ ಮಾರಕ. ಆದ್ದರಿಂದ ಮಣಿಕಟ್ಟಿಗೆ ಭೂಸಂಪರ್ಕದ ಪಟ್ಟಿ ಕಟ್ಟಿಕೊಂಡೇ ಮುಟ್ಟಬೇಕು. ಅಂದು ಅವಳು ಅವಸರದಲ್ಲಿ ಕಟ್ಟಿಕೊಂಡಿರಲಿಲ್ಲ.

"ಎರಡು ದಿನ ಯಾರಿಗೂ ಹೇಳಲಿಲ್ಲ ಸಾರ್. ಪಕ್ಕದ ಮೇಜಿನವರ ಮೇಲೆ ಅನುಮಾನ ಬಂತು. ಆಮೇಲೆ ಹೇಳಿದೆ." ಈ ಅರ್ಜಿಯಲ್ಲಿ, ಕೆಲಸದಲ್ಲಿ ಎದುರಾದ ಸಮಸ್ಯೆಯೊಂದನ್ನು ವಿವರಿಸಿ ಎಂಬ ಪ್ರಶ್ನೆಯಿತ್ತು. ಅವಳು ಅಪಾಯವಿಲ್ಲದ ಬೇರೇನನ್ನೋ ಬರೆದಿದ್ದಳು, ಮನಸ್ಸು ಒಪ್ಪಿರಲಿಲ್ಲ.

"ಎರಡು ದಿನ ಏಕಮ್ಮಾ ಸುಮ್ಮನಿದ್ದೆ?" ಎಂದೆ, ಮೇಷ್ಟರ ಗತ್ತಿನಲ್ಲಿಯೇ.

ಅವಳು ಸ್ವಲ್ಪ ಹೊತ್ತು ನೆಲ ನೋಡಿದಳು. "ಒಂಬತ್ತನೇ ತರಗತಿಯ ಮಸೂರ ನೆನಪಿದೆಯಾ ಸಾರ್?"

ನನಗೆ ನೆನಪಿರಲಿಲ್ಲ. ಅವಳು ಹೇಳುತ್ತಾ ಹೋದಂತೆ ಒಂದೊಂದಾಗಿ ಮರಳಿತು. ಪ್ರಯೋಗಾಲಯದಲ್ಲಿ ಪೀನ ಮಸೂರ ಒಡೆದಾಗ ಅವಳು ತಾನಾಗಿಯೇ ಸ್ಟಾಫ್ ರೂಮಿಗೆ ಬಂದು ತಪ್ಪೊಪ್ಪಿಕೊಂಡಿದ್ದಳು. ನಾನು ಅವಳನ್ನು ಪೂರ್ತಿ ಒಂದು ಪೀರಿಯಡ್ ತರಗತಿಯ ಹೊರಗೆ ನಿಲ್ಲಿಸಿದೆ. ಗಾರೆ ಕೆಲಸ ಮಾಡುತ್ತಿದ್ದ ಅವಳ ತಂದೆಯನ್ನು ಕರೆಸಿ ಹಣ ಕಟ್ಟಿಸಿಕೊಂಡೆ. ಅದೇ ವಾರ ಯಾರೋ ಹುಡುಗರು ಎರಡು ಪ್ರನಾಳ ಒಡೆದು ಬಾಯಿಬಿಡದೆ ಪಾರಾಗಿದ್ದರು.

"ಸ್ಟಾಕ್ ರಿಜಿಸ್ಟರಿಗೆ ಲೆಕ್ಕ ಕೊಡಬೇಕಿತ್ತು" ಎಂದೆ. ಹೇಳುವಾಗಲೇ ಮಾತು ಎಷ್ಟು ಬಡವಾಗಿದೆಯೆಂದು ನನಗೇ ಕೇಳಿಸಿತು. ರಿಜಿಸ್ಟರಿಗೆ ಬೇಕಾದದ್ದು ಮಸೂರದ ಲೆಕ್ಕ. ಮಗುವನ್ನು ಹೊರಗೆ ನಿಲ್ಲಿಸೆಂದು ಯಾವ ರಿಜಿಸ್ಟರೂ ಕೇಳಿರಲಿಲ್ಲ. "ತಪ್ಪು ನನ್ನದಮ್ಮಾ" ಎಂದೆ. "ಅಯ್ಯೋ ಬಿಡಿ ಸಾರ್" ಎಂದಳು, ಆದರೆ ಅಲ್ಲವೆನ್ನಲಿಲ್ಲ.

ಡಿಟೆಕ್ಟರಿನ ಸಂಗತಿಯನ್ನೇ ಬರೆಯೆಂದೆ. ಹಾಗೆನ್ನಲು ನನಗೇನು ಅಧಿಕಾರವೆಂದು ಆಮೇಲೆ ಅನಿಸಿತು. ಕೆಲಸ ಕೈತಪ್ಪಿದರೆ ನಷ್ಟ ಅವಳದೇ. ಅವಳು ಮೊದಲು ಕನ್ನಡದಲ್ಲಿ ನನಗೆ ಹೇಳಿ, ನಂತರ ಇಂಗ್ಲಿಷಿನಲ್ಲಿ ಬರೆದಳು. ಎರಡು ದಿನದ ಮೌನವನ್ನೂ ಬರೆದಳು. ಪಟ್ಟಿಯನ್ನು ಪ್ರತಿದಿನ ಪರೀಕ್ಷಿಸಿ ಸಹಿ ಹಾಕುವ ಪುಸ್ತಕವನ್ನು ಆ ಬಳಿಕ ತಾನೇ ಆರಂಭಿಸಿದ್ದನ್ನು ನನ್ನೊಡನೆ ಹೇಳಿಯೂ ಬರೆಯಲು ಮರೆತಿದ್ದಳು. ಅದನ್ನು ನಾನು ಸೇರಿಸಿಸಿದೆ.

ಸಂದರ್ಶನವಾದ ಸಂಜೆ ಫೋನ್ ಮಾಡಿದಳು. ಬಹುಪಾಲು ಅದನ್ನೇ ಕೇಳಿದರಂತೆ. ಎರಡು ದಿನ ಏಕೆಂದು ಅವರೂ ಕೇಳಿದರಂತೆ.

"ನನ್ನ ಹೆಸರು ಹೇಳಿದೆಯಾ?"

"ಇಲ್ಲ ಸಾರ್. ಭಯವಾಗಿತ್ತು ಅಂದೆ, ಅಷ್ಟೇ."

ಫಲಿತಾಂಶ ಇನ್ನೂ ಬಂದಿಲ್ಲ. ಅವಳ ತಂದೆ ಇಂದಿಗೂ ರೈಲ್ವೆ ಸ್ಟೇಷನ್ನಿನ ದಾರಿಯಲ್ಲಿ ನನ್ನನ್ನು ಕಂಡರೆ ಸೈಕಲ್ಲಿನಿಂದ ಇಳಿದು ನಮಸ್ಕರಿಸುತ್ತಾರೆ. ಮೊನ್ನೆ ಅವರು ಇಳಿಯುವ ಮೊದಲೇ ನಾನು ಕೈಮುಗಿದೆ. ಅವರಿಗೆ ಕಾರಣ ತಿಳಿಯಲಿಲ್ಲ, ಗಾಬರಿಯಾಗಿ, "ಏನಾಯ್ತು ಮೇಷ್ಟ್ರೇ?" ಎಂದರು.