ಬ್ಯಾರೆ ಇಡು

ನಮ್ಮೂರು ಗುಡಗೇರಿ, ಕುಂದಗೋಳ ತಾಲ್ಲೂಕು. 2021ರಲ್ಲಿ ಅಜ್ಜನಿಗೆ ಕೋವಿಡ್ ಆದಾಗ ಹುಬ್ಬಳ್ಳಿಗೆ ಕರ್ಕೊಂಡು ಹೋಗಿ ಸಿಟಿ ಸ್ಕ್ಯಾನ್ ಮಾಡಿಸಿದ್ವಿ. ಕಪ್ಪು ಶ್ವಾಸಕೋಶದೊಳಗೆ ತೆಳ್ಳಗೆ ಮಂಜಿನಂಥ ಬಿಳಿ. ಡಾಕ್ಟರ್ ಬೆರಳಿಟ್ಟು ತೋರಿಸುವವರೆಗೂ ನನಗದು ಕಂಡಿರಲೇ ಇಲ್ಲ. ಅಜ್ಜ ಗುಣವಾಗಿ ಮನೆಗೆ ಬಂದ. ಆ ಫಿಲ್ಮ್ ಇನ್ನೂ ಟ್ರಂಕಿನಲ್ಲಿದೆ.

ಈ ಸೆಮ್ ಮಿನಿ ಪ್ರಾಜೆಕ್ಟ್‌ಗೆ ಅದೇ ವಿಷಯ ತಗೊಂಡೆ. ಸಿಟಿ ಚಿತ್ರದಲ್ಲಿ ಸೋಂಕಿನ ಭಾಗವನ್ನು ಕಂಪ್ಯೂಟರ್ ತಾನೇ ಗುರುತಿಸಬೇಕು. ತೊಂದರೆ ಏನಂದ್ರೆ, ಅದಕ್ಕೆ ಕಲಿಸೋಕೆ ಮೊದಲು ಒಬ್ಬ ರೇಡಿಯಾಲಜಿಸ್ಟ್ ಕೂತು ಒಂದೊಂದು ಸ್ಲೈಸ್ ಮೇಲೂ ಅಂಚು ಎಳೀಬೇಕು. ಒಬ್ಬ ರೋಗಿಗೇ ನೂರಾರು ಸ್ಲೈಸ್. ಅಷ್ಟು ಪುರುಸೊತ್ತು ಯಾರಿಗಿದೆ? ಅದಕ್ಕೇ ಸೆಮಿ-ಸೂಪರ್‌ವೈಸ್ಡ್ ಕಲಿಕೆ. 2020ರಲ್ಲಿ ಬಂದ ಸೆಮಿ-ಇನ್ಫ್-ನೆಟ್‌ಗೆ ಗುರುತು ಹಾಕಿದ ಚಿತ್ರ ಸಿಕ್ಕಿದ್ದು 50 ಮಾತ್ರ, ಗುರುತಿಲ್ಲದವು 1600. ಇದ್ದ ಸ್ವಲ್ಪದರಿಂದ ಕಲಿತು, ಉಳಿದವಕ್ಕೆ ತಾನೇ ಗುರುತು ಹಾಕಿ, ಅವನ್ನೂ ಸೇರಿಸಿಕೊಂಡು ಮತ್ತೆ ಕಲಿಯೋದು. ಉಪಾಯ ಇಷ್ಟೇ.

ನಾನು ಒಂದು ಯು-ನೆಟ್ ತಗೊಂಡು, ಶೇಕಡಾ 90ಕ್ಕಿಂತ ಹೆಚ್ಚು ಖಾತ್ರಿ ಇರೋ ಪಿಕ್ಸೆಲ್ ಮಾತ್ರ ಸೇರಿಸ್ಕೋ ಅಂದೆ. ಡೈಸ್ ಸ್ಕೋರ್ ಏರಿತು. ಹಾಸ್ಟೆಲ್‌ನಲ್ಲಿ ಗೆಳೆಯರಿಗೆಲ್ಲ ಚಹಾ ಕುಡಿಸಿದೆ. ಆಮೇಲೆ ಒಂದೊಂದೇ ಚಿತ್ರ ತೆಗೆದು ನೋಡಿದೆ. ದಟ್ಟ ಕಲೆಗಳನ್ನು ಸರಿಯಾಗಿ ಹಿಡಿದಿತ್ತು. ತೆಳು ಮಂಜಿನ ಬಗ್ಗೆ ಮೊದಲ ಸುತ್ತಿನಲ್ಲಿ ಅನುಮಾನ ಇತ್ತು. ಸುತ್ತು ಮುಗಿದಂತೆಲ್ಲ ‘ಇಲ್ಲಿ ಏನೂ ಇಲ್ಲ’ ಅಂತ ಖಾತ್ರಿಯಾಗಿ ಹೇಳೋಕೆ ಶುರುಮಾಡಿತ್ತು. ತನ್ನ ತಪ್ಪನ್ನೇ ಪಾಠ ಅಂತ ಓದಿಕೊಂಡಿತ್ತು. ಅಜ್ಜನ ಫಿಲ್ಮ್‌ನಲ್ಲಿ ಇದ್ದದ್ದು ಅದೇ ಮಂಜು. ಆವತ್ತು ಡಾಕ್ಟರ್ ಬದಲು ನನ್ನ ಮಾಡೆಲ್ ಕೂತಿದ್ರೆ?

ಶನಿವಾರ ಊರಿಗೆ ಹೋದೆ. ಆಯಿ ಅಂಗಳದಲ್ಲಿ ಮೆಣಸಿನಕಾಯಿ ಆರಿಸ್ತಿದ್ಲು. ನಾನೂ ಕೂತೆ. ಕೆಂಪು ಒಂದು ಕಡೆ, ಬಿಳಿಚಿದ್ದು ಒಂದು ಕಡೆ. ಅರ್ಧಂಬರ್ಧ ಇದ್ದ ಕಾಯಿಯನ್ನೂ ಕೆಂಪಿನ ರಾಶಿಗೆ ತಳ್ಳಿದೆ. ಆಯಿ ಕೈ ಹಿಡಿದಳು.

“ಏ ತಮ್ಮಾ, ಗೊತ್ತಾಗಲಿಲ್ಲಂದ್ರ ಬ್ಯಾರೆ ಇಡು, ನಾ ನೋಡ್ತೀನಿ. ಒಂದು ಸಲ ತಪ್ಪು ಹಾಕಿದ್ರ ಆಮ್ಯಾಲ ಕೈಗೆ ಅದ ರೂಢಿ ಆಗ್ತದ.”

ಈಗ ನನ್ನ ಕೋಡ್‌ನಲ್ಲೂ ಮೂರನೇ ರಾಶಿ ಇದೆ. ಮೊದಲ ಸುತ್ತಿನಲ್ಲಿ ಅನುಮಾನ ಬಂದ ಸ್ಲೈಸ್‌ಗಳನ್ನು ಬೇರೆ ತೆಗೆದು, ಪರಿಚಯದ ಡಾಕ್ಟರ್ ಒಬ್ಬರಿಗೆ ತೋರಿಸಿ ಗುರುತು ಹಾಕಿಸ್ತಿದೀನಿ. ಇಲ್ಲೀವರೆಗೆ 12 ಆಗಿವೆ. ಸ್ಕೋರ್ ಹೆಚ್ಚೇನೂ ಏರಿಲ್ಲ. ಮಂಜು ಮಾತ್ರ ಸ್ವಲ್ಪ ಸ್ವಲ್ಪ ಕಾಣಿಸ್ತಿದೆ.